ಸಂಡೂರು: ಹಸಿರಿರುವಲ್ಲೇ ಅದಿರು

2024ರ ಜೂನ್‌ನಲ್ಲಿ ಬಳ್ಳಾರಿ ಜಿಲ್ಲೆ ಸಂಡೂರಿನ ದೇವದಾರಿ ಗುಡ್ಡ ದಿಢೀರನೆ ಸುದ್ದಿಯಾಯಿತು. ಕುದುರೆಮುಖ ಕಂಪನಿಗೆ ಅಲ್ಲಿನ ಸುಮಾರು 400 ಹೆಕ್ಟೇರ್ ಕಾಡಿನಲ್ಲಿ ಅದಿರು ತೆಗೆಯುವ ಯೋಜನೆಗೆ ಕೇಂದ್ರ ಉಕ್ಕು ಸಚಿವರು ಸಹಿ ಹಾಕಿದ್ದರು. ಸುಮಾರು 99 ಸಾವಿರ ಮರ ಹೋಗುತ್ತವೆ ಎಂಬ ಲೆಕ್ಕ ಹೊರಬಿತ್ತು. ಜಮೀನು ಬಿಟ್ಟುಕೊಡಬೇಡಿ ಎಂದು ರಾಜ್ಯ ಸರ್ಕಾರ ಅರಣ್ಯ ಇಲಾಖೆಗೆ ತಾಕೀತು ಮಾಡಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಪಶ್ಚಿಮ ಘಟ್ಟದ ಗಣಿ ಮುಚ್ಚಿದ ಕಂಪನಿಯೇ ಇದು.

ಪ್ರವಾಸೋದ್ಯಮ ಬೆಳೆಸಿ, ಗಣಿ ಬೇರೆಡೆ ಮಾಡಿ ಎನ್ನುವುದು ಸುಲಭ. ಆದರೆ ಸಂಡೂರಿನಲ್ಲಿ ಆ 'ಬೇರೆಡೆ' ಎಲ್ಲಿದೆ? ಇಲ್ಲಿನ ಕಬ್ಬಿಣದ ಪದರ ಗಟ್ಟಿ. ಸುತ್ತಲಿನ ಮೆತ್ತನೆ ಕಲ್ಲು ಸವೆದುಹೋದರೂ ಅದು ಉಳಿದು ಗುಡ್ಡದ ನೆತ್ತಿಯಾಗಿದೆ. ಬಯಲುಸೀಮೆಯ ನಡುವೆ ಮೋಡ ತಡೆಯುವುದೂ ಅದೇ ನೆತ್ತಿ, ಕಾಡು ಹಬ್ಬಿರುವುದೂ ಅಲ್ಲೇ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಪಕ್ಕದ ಕುಮಾರಸ್ವಾಮಿ ಗುಡಿ ಇರುವುದೂ ಇದೇ ಸಾಲಿನಲ್ಲಿ.

ಬಳ್ಳಾರಿಯ ಬಿಸಿಲು ತಾಳದ ಬ್ರಿಟಿಷರು 19ನೇ ಶತಮಾನದಲ್ಲಿ ಇಲ್ಲಿನ ರಾಮನದುರ್ಗದಲ್ಲಿ ತಮ್ಮ ಸೈನಿಕರಿಗೆ ಆರೋಗ್ಯಧಾಮ ಕಟ್ಟಿಕೊಂಡಿದ್ದರು. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿವರ ಪ್ರಕಟಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳ ಅದಿರನ್ನೂ ದಾಖಲಿಸಿದರು. ಗಾಳಿಗಾಗಿ ಬಂದವರ ಬೆನ್ನಿಗೇ ಕಲ್ಲಿಗಾಗಿ ಬರುವವರಿಗೆ ದಾರಿಯಾಯಿತು. ಘೋರ್ಪಡೆ ಮನೆತನದ ಸಂಸ್ಥಾನ 1949ರಲ್ಲಿ ವಿಲೀನವಾಯಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ, 1970ರ ದಶಕದಲ್ಲಿ ದೋಣಿಮಲೈ ಗಣಿ, 90ರ ದಶಕದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ.

ಅಲ್ಲಿಯವರೆಗೂ ಗುಡ್ಡ ತಡೆದುಕೊಂಡಿತ್ತು. 2003ರ ಆಸುಪಾಸಿನಲ್ಲಿ ಚೀನಾದ ಬೇಡಿಕೆಗೆ ಅದಿರಿನ ರೇಟು ಏರಿದ್ದೇ ತಡ, ಲಾರಿಗಳ ಸಾಲು ಹಗಲು ರಾತ್ರಿ ಕರಗಲಿಲ್ಲ. ಹತ್ತಿ, ಜೋಳದ ಎಲೆಗಳ ಮೇಲೂ ಕೆಂಧೂಳು. ದಾರಿಬದಿಯ ಹೋಟೆಲುಗಳಿಗೆ ಮಾತ್ರ ಭರ್ಜರಿ ವ್ಯಾಪಾರ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂದ 2011ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಸಾಲ ಮಾಡಿ ಲಾರಿ ತೆಗೆದವರು ಮುಳುಗಿದರು. 2013ರಲ್ಲಿ ಕೋರ್ಟ್ ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮದ 'ಸಿ' ಗುಂಪಿನ ಗುತ್ತಿಗೆ ರದ್ದುಮಾಡಿ, ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಇಟ್ಟಿತು. ಆ ಮಿತಿಯನ್ನು ಆಮೇಲೆ ಏರಿಸಲಾಗಿದೆ.

ಗಣಿ ನಿಂತಾಗಲೂ ನಿಲ್ಲದ ವ್ಯಾಪಾರವೆಂದರೆ ಒಗ್ಗರಣಿ-ಮಿರ್ಚಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ತಕ್ಷಣ ಹಿಂಡಿ, ಉಳ್ಳಾಗಡ್ಡಿ-ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸುತ್ತಾರೆ. ಹಿಟ್ಟು ಕಡಿಮೆಯಾದರೆ ಮಂಡಕ್ಕಿ ಮುದ್ದೆಯಾಗುತ್ತದೆ, ಜಾಸ್ತಿಯಾದರೆ ಗಂಟಲು ಹಿಡಿಯುತ್ತದೆ. ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಇರಲೇಬೇಕು. ತಣ್ಣಗಾದದ್ದನ್ನು ತಿನ್ನುವುದಕ್ಕಿಂತ ಉಪವಾಸ ವಾಸಿ! ಇನ್ನೊಂದು ದುಡಿಮೆ ಲಂಬಾಣಿ ಹೆಂಗಸರ ಕಸೂತಿ. ಸಂಡೂರಿನ ಹೆಸರಲ್ಲೇ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ.

'ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ' ಎಂದು ಗಾಂಧೀಜಿ ಹೇಳಿದ್ದರೆಂಬ ಪ್ರತೀತಿಯನ್ನು ನಂಬಿ, ಮಳೆ ಮುಗಿಯುವ ಹೊತ್ತಿಗೆ ನಾರಿಹಳ್ಳದ ಜಲಾಶಯ, ಗುಡ್ಡ ನೋಡಲು ಜನ ಬರುತ್ತಾರೆ. ಬೆಳಿಗ್ಗೆ ಬಂದು ಸಂಜೆ ಹೊಸಪೇಟೆಗೆ ಹೊರಟುಬಿಡುವವರೇ ಹೆಚ್ಚು. ಅವರ ಖರ್ಚು ಒಂದು ಪ್ಲೇಟ್ ಒಗ್ಗರಣಿ, ಎರಡು ಚಹಾ. ಗಣಿ ಕೊಡುವ ಸಂಬಳಕ್ಕೆ ಇದು ಸಾಟಿಯಲ್ಲ, ದೇವದಾರಿ ಉಳಿಸಿ ಎನ್ನುವವರಿಗೂ ಅದು ಗೊತ್ತು.