ತೋಟ ಹಿಸೆಯಾಯಿತು, ಮನೆ ಜಂಟಿಯಾಗಿಯೇ ಉಳಿಯಿತು

ಶಿರಸಿ, ಸಿದ್ದಾಪುರದ ಕಡೆ ಹಿಸೆ, ಅಂದರೆ ಆಸ್ತಿಯ ಪಾಲು, ಎಂದರೆ ಮೊದಲು ಅಡಿಕೆ ತೋಟದ ಲೆಕ್ಕ. ತೋಟಕ್ಕೆ ಗಡಿಕಲ್ಲು ಹುಗಿದು ಪಾಲು ಮಾಡಬಹುದು. ಜಗಲಿ, ದೇವರ ಕೋಣೆ, ಬಚ್ಚಲು, ಬಾವಿ ಒಂದೊಂದೇ ಇರುವ ಮನೆಯನ್ನು ಹಾಗೆ ಹಂಚಲು ಬರುವುದಿಲ್ಲ. ಹೀಗಾಗಿ ಹಿರಿಯರು ಕೂತು ಮಾಡಿದ ಹಿಸೆಗಳಲ್ಲಿ ಮನೆಯ ಮಾತು ಎಷ್ಟೋ ಸಲ ಬಾಯಿಮಾತಿನಲ್ಲೇ ಮುಗಿದು, ಖಾತೆ ಜಂಟಿಯಾಗಿಯೇ ಮುಂದುವರಿಯಿತು.

ಕಾನೂನು ಕೂಡ ಮನೆಯನ್ನು ಬೇರೆಯಾಗಿಯೇ ಕಂಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಪಾಲಿನಲ್ಲಿ ಮಗಳಿಗೆ ಹಕ್ಕು ಕೊಟ್ಟಿತಾದರೂ, ಕುಟುಂಬದವರೇ ವಾಸವಾಗಿರುವ ಮನೆಯನ್ನು ಗಂಡು ವಾರಸುದಾರರು ತಮ್ಮೊಳಗೆ ಪಾಲು ಮಾಡಿಕೊಳ್ಳುವ ತನಕ ಆಕೆ ಹಿಸೆ ಕೇಳುವಂತಿಲ್ಲವೆಂದು ಅದರ 23ನೇ ಕಲಂ ತಡೆದಿತ್ತು. ಅವಿವಾಹಿತೆ, ವಿಧವೆ, ಗಂಡನಿಂದ ದೂರವಾದವಳು ಅಲ್ಲಿ ವಾಸಿಸಬಹುದಿತ್ತು. ಗಂಡನ ಮನೆಯಲ್ಲಿ ಬಾಳುತ್ತಿದ್ದವಳಿಗೆ ಅದೂ ಇರಲಿಲ್ಲ. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮವೆಂದಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ 23ನೇ ಕಲಮನ್ನೂ ತೆಗೆದುಹಾಕಿತು.

ಆ ತಿದ್ದುಪಡಿಯೇ ಮನೆ ಮುರಿಯಿತು ಎಂಬ ಮಾತು ನಮ್ಮ ಭಾಗದಲ್ಲಿ ಇನ್ನೂ ಇದೆ. ಅದು ಅನ್ಯಾಯದ ಮಾತು. ಅಣ್ಣತಮ್ಮಂದಿರ ನಡುವೆ ಇತ್ಯರ್ಥವಾಗದೆ ಉಳಿದಿದ್ದ ಲೆಕ್ಕ, ಅಕ್ಕತಂಗಿಯರ ಸಹಿಯೂ ಬೇಕಾದಾಗ ಹೊರಬಿತ್ತು ಅಷ್ಟೆ. ನಿಜವಾದ ತೊಡಕು ಬಾಯಿಮಾತಿನ ಹಿಸೆಯದು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ನ್ಯಾಯಾಲಯದ ಡಿಕ್ರಿಯಿಂದ (ತೀರ್ಪಿನ ಆದೇಶದಿಂದ) ಆದ ಪಾಲನ್ನು ತಿದ್ದುಪಡಿ ಮುಟ್ಟುವುದಿಲ್ಲ. ಬಾಯಿಮಾತಿನ ಪಾಲನ್ನಾದರೋ, ಸರ್ಕಾರಿ ದಾಖಲೆಗಳ ಬಲವಾದ ಆಧಾರವಿದ್ದಾಗ ಮಾತ್ರ, ಅದೂ ಅಪವಾದವಾಗಿ ಒಪ್ಪಬಹುದೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿತು. ಮಗಳಿಗೆ ಈ ಹಕ್ಕು ಸಿಗಲು ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲವೆಂದೂ ಅದೇ ತೀರ್ಪು ಸ್ಪಷ್ಟಪಡಿಸಿತು.

ಹಾಗೆಂದು ಮನೆಗೆ ರಕ್ಷಣೆಯೇ ಇಲ್ಲವೆಂದಲ್ಲ. ಒಬ್ಬ ಪಾಲುದಾರ ತನ್ನ ಹಿಸೆಯನ್ನು ಹೊರಗಿನವರಿಗೆ ಮಾರಿ, ಕೊಂಡವರು ಪಾಲಿಗಾಗಿ ದಾವೆ ಹೂಡಿದರೆ, ಆ ಹಿಸೆಯನ್ನು ನ್ಯಾಯಾಲಯ ನಿಗದಿ ಮಾಡಿದ ಬೆಲೆಗೆ ಕುಟುಂಬದವರೇ ಕೊಳ್ಳಲು 1893ರ ವಿಭಜನಾ ಕಾಯ್ದೆಯ 4ನೇ ಕಲಂ ಅವಕಾಶ ಕೊಡುತ್ತದೆ. ಮನೆಯನ್ನು ಸರಿಯಾಗಿ ಹಂಚಲು ಸಾಧ್ಯವಿಲ್ಲವೆಂದು ಕಂಡು, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹಿಸೆಯುಳ್ಳವರು ಕೇಳಿದರೆ ಮಾರಾಟಕ್ಕೆ ಆದೇಶವಾಗಬಹುದು. ಆಗಲೂ ಉಳಿದವರು ಆ ಹಿಸೆಗಳನ್ನು ಕೊಂಡು ಮನೆ ಉಳಿಸಿಕೊಳ್ಳಬಹುದು. ಆದರೆ ಮೊದಲು ಯಾರಿಗೆಷ್ಟು ಪಾಲೆಂದು ಹೇಳುವ ಪ್ರಾಥಮಿಕ ಡಿಕ್ರಿ, ಬಳಿಕ ಹಂಚುವ ಬಗೆ ನೋಡಲು ನ್ಯಾಯಾಲಯ ನೇಮಿಸಿದ ಕಮಿಷನರ ವರದಿ, ಕೊನೆಗೆ ಅಂತಿಮ ಡಿಕ್ರಿ ಎನ್ನುವಷ್ಟರಲ್ಲಿ, ಬೀಗ ಹಾಕಿದ ಮನೆಯ ಹಂಚು ಜಾರಿ, ಮಳೆನೀರು ಗೋಡೆಗಿಳಿದು, ಮಾಡಿನ ಪಕಾಸಿಗೆ ಗೆದ್ದಲು ಹತ್ತಿರುತ್ತದೆ.