ನಮ್ಮ ಕಾಯಿನ್ನೇ ಅಸಲಿ: ಕ್ರಿಪ್ಟೊ ಜಗಳ ಶುರುವಾದದ್ದು ಎಲ್ಲಿಂದ?

ಸಂಜೆ ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತ ಇಂಜಿನಿಯರಿಂಗ್ ಹುಡುಗರ ಮಾತಿಗೆ ಸ್ವಲ್ಪ ಕಿವಿ ಕೊಡಿ. ಬಿಟ್‌ಕಾಯಿನ್ ತಗೊಂಡವನಿಗೆ ಉಳಿದದ್ದೆಲ್ಲ ಕಸ. ಈಥರ್ ಎಂಬ ಇನ್ನೊಂದು ಕಾಯಿನ್ ಇರುವವನಿಗೆ ಬಿಟ್‌ಕಾಯಿನ್ ಓಬೀರಾಯನ ಕಾಲದ್ದು. ಎಕ್ಸ್‌ಆರ್‌ಪಿ ಎಂಬ ಮತ್ತೊಂದನ್ನು ಹಿಡಿದು ಕೂತವನು ಇಬ್ಬರಿಗೂ 'ನೋಡ್ತಾ ಇರ್ರಿ' ಅನ್ನುತ್ತಾನೆ. ಒಬ್ಬೊಬ್ಬರ ಹತ್ತಿರ ಇರುವುದು ಐದೋ ಹತ್ತೋ ಸಾವಿರದ ಮಾಲು. ಜಗಳ ಮಾತ್ರ ಆಸ್ತಿ ಪಾಲಿನಷ್ಟು ಜೋರು.

ಈ ಜಗಳ ನಮ್ಮ ಹುಡುಗರು ಹುಟ್ಟಿಸಿದ್ದಲ್ಲ. ರೆಡಿಮೇಡ್ ಬಂದದ್ದು.

ಮೊದಲಿಗೆ ಹೀಗಿರಲಿಲ್ಲ. ಬಿಟ್‌ಕಾಯಿನ್ ಓಡಲು ಶುರುವಾದದ್ದು 2009ರ ಜನವರಿಯಲ್ಲಿ. ಬೇರೆ ಕೆಲಸಕ್ಕೆ ಬೇರೆ ಜಾಲ ಮಾಡುವ ಮಾತು ಬಂದಾಗ, ಅದನ್ನು ಕಟ್ಟಿದ ಸತೋಷಿ ನಕಾಮೊಟೊ ಬೈಯಲಿಲ್ಲ. ಈ ಜಾಲಗಳ ಲೆಕ್ಕ ಬರೆಯಲು ಕಂಪ್ಯೂಟರ್‌ಗಳು ದುಡಿಯಬೇಕು, ಅದಕ್ಕೇ ಮೈನಿಂಗ್ ಅನ್ನುವುದು. ಒಂದೇ ದುಡಿಮೆ ಎರಡೂ ಜಾಲಕ್ಕೆ ಲೆಕ್ಕ ಆಗುವ ದಾರಿ ಇದೆ ಎಂದರು. 2011ರಲ್ಲಿ ಬಂದ ನೇಮ್‌ಕಾಯಿನ್ ಹಾಗೇ ನಡೆಯಿತು. ಅದೇ ವರ್ಷ ಚಾರ್ಲಿ ಲೀ ತಂದ ಲೈಟ್‌ಕಾಯಿನ್, ಬಿಟ್‌ಕಾಯಿನ್ ಬಂಗಾರ ಆದರೆ ನಾನು ಬೆಳ್ಳಿ ಅಂತ ಪಕ್ಕದಲ್ಲಿ ಕೂತಿತು. 2013ರ ಡಿಸೆಂಬರ್‌ನಲ್ಲಿ ಡೋಜ್‌ಕಾಯಿನ್ ಬಂದದ್ದಂತೂ ಸುಮ್ನೆ ತಮಾಷೆಗೆ. ಮುಂದಿನ ವರ್ಷ ಅದರ ಮೈನರ್‌ಗಳು ಕಡಿಮೆಯಾಗುವ ಭಯ ಹುಟ್ಟಿತು. ಆಗ ನಮ್ಮ ಜೊತೆಗೇ ಮೈನಿಂಗ್ ಮಾಡಿ ಎಂದು ಕರೆದವರು ಇದೇ ಚಾರ್ಲಿ ಲೀ. ಆ ಹೊಂದಾಣಿಕೆ ಈಗಲೂ ನಡೆದಿದೆ. ಕ್ರಿಪ್ಟೊ ಎಂದರೆ ಬರೀ ಬೈದಾಟ ಅನ್ನುವವರು ಇದನ್ನು ಮರೆಯುತ್ತಾರೆ.

ಮನಸ್ಸು ಮುರಿದದ್ದು 2015ರಿಂದ 2017ರವರೆಗೆ. ವಿಷಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಬಿಟ್‌ಕಾಯಿನ್ ಲೆಕ್ಕದ ಪುಟ ಇದ್ದ ಹಾಗೆ ಬ್ಲಾಕ್, ಒಂದೊಂದಕ್ಕೆ 1 ಎಂಬಿ ಮಿತಿ ಇತ್ತು. 2010ರಲ್ಲಿ ಸತೋಷಿಯೇ ಹಾಕಿದ್ದು. ಹೆಚ್ಚೆಂದರೆ ಸೆಕೆಂಡಿಗೆ ಏಳು ವ್ಯವಹಾರ. ಜನ ಜಾಸ್ತಿಯಾದ ಹಾಗೆ ಸಾಲು ಬೆಳೆಯಿತು, ಫೀಸು ಏರಿತು. ಮಿತಿ ಹೆಚ್ಚಿಸಿ, ಚಹಾ ಕುಡಿದು ಇದರಲ್ಲೇ ದುಡ್ಡು ಕೊಡುವಂತಾಗಲಿ ಎಂದಿತು ಒಂದು ಗುಂಪು. ಬ್ಲಾಕ್ ದೊಡ್ಡದಾದರೆ ಪೂರ್ತಿ ಲೆಕ್ಕ ಇಡಲು ದೊಡ್ಡ ಕಂಪ್ಯೂಟರ್ ಬೇಕು, ಆಮೇಲೆ ನಾಲ್ಕು ಕಂಪನಿಗಳ ಕೈಗೆ ಹೋಗುತ್ತದೆ ಎಂದಿತು ಇನ್ನೊಂದು.

ಎರಡೂ ಮಾತಿನಲ್ಲಿ ಹುರುಳಿತ್ತು. ತೀರ್ಮಾನ ಹೇಳಲು ಮಾತ್ರ ಯಾರೂ ಇರಲಿಲ್ಲ. ಸತೋಷಿ ಎಂದೋ ಮಾಯ. ಬ್ಯಾಂಕಿಗೆ ಆಡಳಿತ ಮಂಡಳಿ ಇರುತ್ತದೆ, ಮೇಲೆ ರಿಸರ್ವ್ ಬ್ಯಾಂಕ್ ಇರುತ್ತದೆ. ಇಲ್ಲಿ ಒಪ್ಪದವನಿಗೆ ಇದ್ದ ದಾರಿ ಒಂದೇ, ಬೇರೆಯಾಗುವುದು. 2017ರ ಆಗಸ್ಟ್ 1ರಂದು ದೊಡ್ಡ ಬ್ಲಾಕ್ ಬೇಕೆಂದವರ ಬಿಟ್‌ಕಾಯಿನ್ ಕ್ಯಾಶ್ ಬೇರೆಯಾಯಿತು. ಪಾಲಿನಲ್ಲಿ ಅರ್ಧ ಸಿಗುತ್ತದೆ, ಅಲ್ವಾ? ಇಲ್ಲಿ ಹಳೇ ಕಾಯಿನ್ ಎಷ್ಟಿತ್ತೋ ಹೊಸದೂ ಅಷ್ಟೇ ಸಿಕ್ಕಿತು. ಆದರೆ ಬೆಲೆ ಎರಡಕ್ಕೂ ಒಂದೇ ಇರಲಿಲ್ಲ. ಜನ ಯಾವುದನ್ನು ಅಸಲಿ ಎಂದು ನಂಬುತ್ತಾರೋ ಅದಕ್ಕೆ ಬೆಲೆ. ಹಾಗಾಗಿ ಕಾಯಿನ್ ಇಟ್ಟುಕೊಂಡ ಪ್ರತಿಯೊಬ್ಬನೂ ಪ್ರಚಾರಕನಾದ. ಎದುರಿನವನನ್ನು ಖೋಟಾ ಅನ್ನುವುದರಲ್ಲೇ ಲಾಭ ಎನ್ನುವಂತಾಯಿತು. ಈ ದ್ವೇಷದ ಬೇರು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಸ್ವಭಾವಕ್ಕಿಂತ ಜೇಬಿನ ಪಾಲು ಜಾಸ್ತಿ.

ಬೇರೆಯಾದವರೂ ಒಗ್ಗಟ್ಟಾಗಿ ಉಳಿಯಲಿಲ್ಲ. 2018ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಕ್ಯಾಶ್ ಮತ್ತೆ ಒಡೆಯಿತು. ಆ ಒಡಕಿನ ಒಂದು ಬಣದ ಮುಖ, ತಾನೇ ಸತೋಷಿ ಎಂದು ಹೇಳಿಕೊಂಡಿದ್ದ ಕ್ರೇಗ್ ರೈಟ್. ಆತ ಸತೋಷಿ ಅಲ್ಲ ಎಂದು ಲಂಡನ್ನಿನ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿತು.

ಈಥರ್ ಓಡುವ ಜಾಲ ಈಥೀರಿಯಂ, ಅದರ ಕಥೆಯೂ ಇದೇ ಜಾಡಿನದು. 2016ರ ಜೂನ್‌ನಲ್ಲಿ ಡಿಎಓ ಎಂಬ ನಿಧಿಯ ಕೋಡಿನಲ್ಲಿದ್ದ ಲೋಪ ಹಿಡಿದು ಯಾರೋ ಸುಮಾರು 36 ಲಕ್ಷ ಈಥರ್ ಎಳೆದುಕೊಂಡರು. ಹೆಚ್ಚಿನವರು ಲೆಕ್ಕ ತಿದ್ದಿ ದುಡ್ಡು ವಾಪಸ್ ಮಾಡೋಣ ಎಂದರು. ಬರೆದ ಲೆಕ್ಕ ತಿದ್ದುವುದಾದರೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೆಲವರು ಹಟ ಹಿಡಿದರು. ಜುಲೈ 20ಕ್ಕೆ ಲೆಕ್ಕ ತಿದ್ದಿದ್ದಾಯಿತು. ಹಟ ಹಿಡಿದವರು ಹಳೇ ಲೆಕ್ಕವನ್ನೇ ಮುಂದುವರಿಸಿ ಈಥೀರಿಯಂ ಕ್ಲಾಸಿಕ್ ಆದರು. ಆದರೆ ಇಲ್ಲಿ ಸಿಟ್ಟು ಇಳಿಯಿತು. 2022ರಲ್ಲಿ ಈಥೀರಿಯಂ ಮೈನಿಂಗ್ ಬಿಡಲು ಹೊರಟಾಗ, ಮೈನಿಂಗೇ ಬೇಕೆನ್ನುವವರು ಕ್ಲಾಸಿಕ್‌ಗೆ ಹೋಗಬಹುದು, ಒಳ್ಳೆಯ ಜನ ಎಂಬ ಅರ್ಥದಲ್ಲಿ ಈಥೀರಿಯಂ ಹುಟ್ಟುಹಾಕಿದವರಲ್ಲಿ ಒಬ್ಬರಾದ ವಿಟಾಲಿಕ್ ಬ್ಯುಟೆರಿನ್ ಅವರೇ ಹೇಳಿದರು.

ಇಷ್ಟೆಲ್ಲ ನಡೆಯುವಾಗ ನಮ್ಮಲ್ಲಿ ಬೇರೆಯೇ ಗಲಾಟೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ದಾವಣಗೆರೆ, ಚಿತ್ರದುರ್ಗದ ನನ್ನ ಪರಿಚಯದವರು ಬಹುಪಾಲು ಆಮೇಲೆ ಇಳಿದವರೇ. ಬ್ಲಾಕ್ ಸೈಜ್ ಜಗಳ ಅವರು ನೋಡಿದ್ದಿಲ್ಲ, ಬೈಗುಳ ಮಾತ್ರ ಕಲಿತರು. ಈಗ ಎರಡು ಮೂರು ಕಾಯಿನ್ ಜೊತೆಗೇ ಇಟ್ಟುಕೊಳ್ಳುವವರೂ ಇದ್ದಾರೆ. ಅವರ ದನಿ ಸ್ವಲ್ಪ ಮೆತ್ತಗೆ.

ಇವರ ಪಂಗಡಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ್ದು ಆದಾಯ ತೆರಿಗೆ ಇಲಾಖೆ. 2022ರ ಬಜೆಟ್ ಪ್ರಕಾರ ಯಾವ ಕಾಯಿನ್ನಿನ ಲಾಭಕ್ಕೂ ತೆರಿಗೆ ಶೇ 30. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಬಿಟ್‌ಕಾಯಿನ್ನಿನಲ್ಲಿ 50,000 ಲಾಭ ಮಾಡಿ ಡೋಜ್‌ನಲ್ಲಿ ಅಷ್ಟೇ ಕಳೆದುಕೊಂಡವನಿಗೆ ಉಳಿದದ್ದು ಸೊನ್ನೆ. ಆದರೂ ಅವನು 15,000 ತೆರಿಗೆ ಕಟ್ಟಬೇಕು, ಮೇಲೆ ಸೆಸ್ ಬೇರೆ.