ಡಿಸ್ಕಸ್ ಜೊತೆ ಯಾವ ಮೀನು ಬಿಡಬಹುದು, ಯಾವ ಗಿಡ ಉಳಿಯುತ್ತದೆ?

ಪ್ರಶ್ನೆ: 300 ಲೀಟರ್ ಟ್ಯಾಂಕ್‌ನಲ್ಲಿ ಆರು ಡಿಸ್ಕಸ್ ಸಾಕಿದ್ದೇನೆ. ಮೀನು ಚೆನ್ನಾಗಿವೆ, ಆದರೆ ಟ್ಯಾಂಕ್ ಬೋಳುಬೋಳಾಗಿ ಕಾಣುತ್ತಿದೆ. ಒಂದಿಷ್ಟು ನಿಯಾನ್ ಟೆಟ್ರಾ, ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್ ಮೀನು, ಎರಡು ಏಂಜೆಲ್ ಬಿಡೋಣ ಅಂತಿದ್ದೇನೆ. ಕೆಳಗಡೆ ಹುಲ್ಲುಹಾಸಿನ ಥರ ಗಿಡ ಬೆಳೆಸುವ ಆಸೆಯೂ ಇದೆ. ಪರವಾಗಿಲ್ವಾ?

ಉತ್ತರ: ನಿಮ್ಮ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿವೆ. ನಾಲ್ಕೂ ಬೇಡ ಅಂತಲೇ ಹೇಳಬೇಕಾಗಿದೆ. ಬೇಜಾರು ಮಾಡ್ಕೋಬೇಡಿ, ಡಿಸ್ಕಸ್ ಸಾಕುವ ಹೆಚ್ಚಿನವರು ಮೊದಲು ಬರೆದುಕೊಳ್ಳುವ ಪಟ್ಟಿ ಇದೇ. ನಾಲ್ಕಕ್ಕೂ ಬದಲಿ ಇದೆ. ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಮೊದಲು ನಿಮ್ಮ ಥರ್ಮಾಮೀಟರ್ ನೋಡಿ. ಡಿಸ್ಕಸ್ ಅಮೆಜಾನ್ ನದಿಯ ಬಯಲಿನ ಮೀನು. ಅಲ್ಲಿ ಮುಖ್ಯ ಹರಿವಿನಿಂದ ಆಚೆ, ನಿಧಾನವಾಗಿ ಹರಿಯುವ ಬೆಚ್ಚಗಿನ ನೀರಿನಲ್ಲಿ, ಮುಳುಗಿದ ಮರದ ಕೊಂಬೆಗಳ ನಡುವೆ ಗುಂಪಾಗಿ ಇರುತ್ತದೆ. ಹಾಗಾಗಿ ಅದಕ್ಕೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು. ನೀರು 26ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ ಮೀನು ಮಂಕಾಗುತ್ತದೆ, ಊಟ ಬಿಡುತ್ತದೆ, ಸುಲಭವಾಗಿ ಕಾಯಿಲೆ ಬೀಳುತ್ತದೆ. ಅಕ್ವೇರಿಯಂನಲ್ಲಿ ಸಾಕುವ ಬಹುಪಾಲು ಮೀನುಗಳಿಗೂ ಗಿಡಗಳಿಗೂ 24, 25 ಡಿಗ್ರಿ ಹಿತ. ಈ ನಾಲ್ಕೈದು ಡಿಗ್ರಿ ವ್ಯತ್ಯಾಸದಲ್ಲೇ ಅರ್ಧಕ್ಕರ್ಧ ಹೆಸರುಗಳು ಬಿದ್ದುಹೋಗುತ್ತವೆ. ಮೀನೋ ಗಿಡವೋ, ಏನೇ ತರುವ ಮೊದಲೂ ‘ಇದು 29 ಡಿಗ್ರಿಯಲ್ಲಿ ವರ್ಷಗಟ್ಟಲೆ ಬದುಕುತ್ತಾ?’ ಅಂತ ಕೇಳಿಕೊಳ್ಳಿ. ಒಂದು ವಾರ ಬದುಕಿತು ಅಂದರೆ ಅದಕ್ಕೆ ಒಗ್ಗಿತು ಅಂತಲ್ಲ.

ನಿಯಾನ್ ಟೆಟ್ರಾ ಸೋಲುವುದು ಇಲ್ಲೇ. ಅದು ತಂಪು ತೊರೆಗಳ ಮೀನು. ಬಿಸಿ ನೀರಿನಲ್ಲಿ ತಕ್ಷಣ ಸಾಯಲ್ಲ, ಆದರೆ ಬೇಗ ಬಸವಳಿಯುತ್ತದೆ. ತಿಂಗಳಿಗೆ ಒಂದೋ ಎರಡೋ ಕಾಣೆಯಾಗುತ್ತಾ ಹೋಗುತ್ತವೆ. ನಾವು ಲೆಕ್ಕ ಇಟ್ಟಿರುವುದಿಲ್ಲ, ಅಷ್ಟೇ. ಅದರ ಬದಲು ಕಾರ್ಡಿನಲ್ ಟೆಟ್ರಾ ತನ್ನಿ. ಇದು ರಿಯೊ ನೆಗ್ರೊ, ಒರಿನೊಕೊ ಕಡೆಯದು. ಡಿಸ್ಕಸ್‌ಗೆ ಬೇಕಾದ ಬಿಸಿ, ಮೆದು (ಲವಣ ಕಡಿಮೆ ಇರುವ), ಹುಳಿ (ಆಮ್ಲೀಯ) ನೀರು ಇದಕ್ಕೂ ಬೇಕು. ಎರಡನ್ನೂ ಗುರುತಿಸುವುದು ಸುಲಭ. ನಿಯಾನ್‌ನ ಕೆಂಪು ಪಟ್ಟಿ ಹೊಟ್ಟೆಯ ಅರ್ಧದಿಂದ ಬಾಲದವರೆಗೆ ಮಾತ್ರ. ಕಾರ್ಡಿನಲ್‌ನ ಕೆಂಪು ತಲೆಯ ಹತ್ತಿರದಿಂದಲೇ ಶುರುವಾಗಿ ಬಾಲದವರೆಗೂ ಹೋಗುತ್ತದೆ. ತರುವಾಗ ಬೆಳೆದವನ್ನೇ ಆರಿಸಿ, ಸುಮಾರು 3 ಸೆಂಟಿಮೀಟರ್ ಇರಲಿ. ತೀರ ಪುಟಾಣಿ ಮರಿ ಬಿಟ್ಟರೆ ದೊಡ್ಡ ಡಿಸ್ಕಸ್ ಒಂದೇ ಗುಟುಕಿಗೆ ಮುಗಿಸಿಬಿಡಬಹುದು.

ನನ್ನನ್ನು ಕೇಳಿದರೆ ಕಾರ್ಡಿನಲ್‌ಗಿಂತ ರಮ್ಮಿನೋಸ್ ಟೆಟ್ರಾ ಒಂದು ಕೈ ಮೇಲು. ಚಂದದ ಮಾತು ಬಿಡಿ, ಅದು ಬೇರೆ ವಿಷಯ. ಅದರ ಮೂತಿ ರಕ್ತಗೆಂಪು ಇರುತ್ತದೆ. ನೀರು ಕೆಟ್ಟರೆ, ಮೀನು ಹೆದರಿದ್ದರೆ ಆ ಕೆಂಪು ಪೇಲವವಾಗುತ್ತದೆ. ಬೆಳಿಗ್ಗೆ ಲೈಟ್ ಹಾಕಿ ಸ್ವಲ್ಪ ಹೊತ್ತಾದ ಮೇಲೂ ಹದಿನೈದು ಮೂತಿಗಳೂ ಒಟ್ಟಿಗೆ ಬಿಳಿಚಿಕೊಂಡಿದ್ದರೆ ನಾನು ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಹುಡುಕುವ ಮೊದಲೇ ನೀರು ಬದಲಿಸಲು ಬಕೆಟ್ ಹುಡುಕುತ್ತೇನೆ. ಇದಕ್ಕೆ 30 ಡಿಗ್ರಿ ಸ್ವಲ್ಪ ಜಾಸ್ತಿಯೇ ಆಯ್ತು. ನಿಮ್ಮ ಟ್ಯಾಂಕ್ 28ರಲ್ಲಿ ಇರುವುದಾದರೆ ತೊಂದರೆಯಿಲ್ಲ.

ಇನ್ನು ಸಕ್ಕರ್ ಮೀನು. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಲೇಬೇಕು, ಯಾಕೆಂದರೆ ನಾನೇ ಪೆಟ್ಟು ತಿಂದಿದ್ದೇನೆ. ಒಮ್ಮೆ ನನ್ನ ಡಿಸ್ಕಸ್ ಒಂದರ ಮೈಮೇಲೆ ನಾಣ್ಯದಷ್ಟು ಅಗಲದ ಮಸುಕು ಕಲೆ ಬಂತು. ಎರಡು ದಿನಕ್ಕೆ ಇನ್ನೊಂದು ಬಂತು. ಫಂಗಸ್ ಇರಬೇಕು ಅಂದುಕೊಂಡು ಒಂದು ವಾರ ಔಷಧಿ ಹಾಕಿದೆ. ಏನೂ ಆಗಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಸುಮ್ನೆ ಟಾರ್ಚ್ ಬಿಟ್ಟು ನೋಡಿದೆ. ಡಿಸ್ಕಸ್ ಮೂಲೆಯಲ್ಲಿ ತೂಕಡಿಸುತ್ತಿದೆ, ಸಕ್ಕರ್ ಮೀನು ಅದರ ಪಕ್ಕೆಗೆ ಬಾಯಿ ಅಂಟಿಸಿಕೊಂಡು ನೇತಾಡುತ್ತಿದೆ! ಡಿಸ್ಕಸ್ ಮೈ ಕೊಡವಿದರೂ ಬಿಡುತ್ತಿಲ್ಲ. ಮಾರನೇ ದಿನವೇ ಅದನ್ನು ಬೇರೆ ಟ್ಯಾಂಕ್‌ಗೆ ಹಾಕಿದೆ. ಹತ್ತು ದಿನದಲ್ಲಿ ಕಲೆ ಮಾಯ, ಔಷಧಿ ಇಲ್ಲದೆ.

ಅದು ಹೀಗೆ ಮಾಡುವುದಕ್ಕೆ ಕಾರಣವಿದೆ. ಡಿಸ್ಕಸ್‌ನ ಮೈಯಲ್ಲಿ ದಪ್ಪನೆಯ ಲೋಳೆ ಇರುತ್ತದೆ. ಮರಿಗಳು ಈಜಲು ಶುರು ಮಾಡಿದ ಮೊದಲ ದಿನಗಳಲ್ಲಿ ಅಪ್ಪ ಅಮ್ಮನ ಮೈಗೆ ಮುತ್ತಿಕೊಂಡು ಆ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಮರಿಗೆ ಊಟವಾಗುವ ಪದಾರ್ಥ ಬೇರೆಯವರಿಗೂ ರುಚಿಸುತ್ತದೆ ಅಲ್ವಾ? ಜೊತೆಗೆ ಡಿಸ್ಕಸ್‌ನದು ಅಗಲವಾದ, ಚಪ್ಪಟೆ ಮೈ. ಅಂಟಿಕೊಳ್ಳಲು ಗಾಜಿನ ಹಾಗೇ ಅನುಕೂಲ. ಸಾಮಾನ್ಯ ಸಕ್ಕರ್ ಮೀನು ಬೆಳೆದರೆ 30 ಸೆಂಟಿಮೀಟರ್ ದಾಟುತ್ತದೆ ಅನ್ನುವುದು ಬೇರೆ ತಲೆನೋವು. ಚೈನೀಸ್ ಆಲ್ಜಿ ಈಟರ್ ಇದಕ್ಕಿಂತ ಪುಂಡ, ಅದರ ತಂಟೆಗೇ ಹೋಗಬೇಡಿ. ಪಾಚಿ ತಿನ್ನಲು ಯಾರಾದರೂ ಬೇಕೇ ಬೇಕು ಅಂದರೆ ಸಕ್ಕರ್ ಮೀನಿನದೇ ಪುಟ್ಟ ನೆಂಟ ಬ್ರಿಸಲ್‌ನೋಸ್ ಪ್ಲೆಕೊ ಒಂದೇ ಒಂದು ಸಾಕು. ಅದು 12, 13 ಸೆಂಟಿಮೀಟರ್‌ಗೆ ನಿಲ್ಲುತ್ತದೆ, ಬಿಸಿಗೂ ಹೊಂದಿಕೊಳ್ಳುತ್ತದೆ. ಅದಕ್ಕೆ ಕೆರೆಯಲು ಒಂದು ಡ್ರಿಫ್ಟ್‌ವುಡ್ ತುಂಡು ಹಾಕಿ, ರಾತ್ರಿ ಲೈಟ್ ಆರಿಸಿದ ಮೇಲೆ ಸೌತೆಕಾಯಿ ಚೂರನ್ನೋ ತಳಕ್ಕೆ ಇಳಿಯುವ ವೇಫರನ್ನೋ ಕೊಡಿ. ಹೊಟ್ಟೆ ತುಂಬಿದ ಪ್ಲೆಕೊ ಡಿಸ್ಕಸ್ ಕಡೆ ತಿರುಗುವುದು ಅಪರೂಪ. ಆದರೂ ಆಗಾಗ ರಾತ್ರಿ ಟಾರ್ಚ್ ಬಿಟ್ಟು ನೋಡುವ ಅಭ್ಯಾಸ ಒಳ್ಳೆಯದು. ಗಾಜು ಒರೆಸುವ ಕೆಲಸ ಮಾತ್ರ ಹೇಗಿದ್ದರೂ ನಿಮ್ಮದೇ.

ಏಂಜೆಲ್ ವಿಷಯದಲ್ಲಿ ಜಗಳ ಇದ್ದದ್ದೇ. ಅದೂ ಅಮೆಜಾನ್ ಕಡೆಯ ಮೀನು, ಡಿಸ್ಕಸ್‌ಗೆ ದಾಯಾದಿ. 28 ಡಿಗ್ರಿ ತಡೆದುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಸಾಕಿ ಗೆದ್ದವರೂ ಇದ್ದಾರೆ. ನಾನು ಬೇಡ ಅನ್ನುವುದು ಊಟದ ಕಾರಣಕ್ಕೆ. ಡಿಸ್ಕಸ್ ತಿನ್ನುವುದನ್ನು ಹತ್ತಿರದಿಂದ ನೋಡಿದ್ದೀರಲ್ಲ. ಆಹಾರದ ಮುಂದೆ ನಿಲ್ಲುತ್ತದೆ, ಓರೆಗಣ್ಣಲ್ಲಿ ನೋಡುತ್ತದೆ, ಬಾಯಿಗೆ ಎಳೆದುಕೊಳ್ಳುತ್ತದೆ, ಉಗುಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಏಂಜೆಲ್ ಮೂರು ಸುತ್ತು ಊಟ ಮುಗಿಸಿರುತ್ತದೆ. ಮೇಲಾಗಿ ಏಂಜೆಲ್‌ಗಳು ಜೋಡಿ ಕಟ್ಟಿದರೆ ಟ್ಯಾಂಕ್‌ನ ಅರ್ಧ ಭಾಗ ತಮ್ಮದು ಅಂತ ಅಟ್ಟಾಡಿಸುತ್ತವೆ. ಕರುಳಿನ ಪರಾವಲಂಬಿಗಳು, ಕಿವಿರಿನ ಹುಳುಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ. ಇಷ್ಟೆಲ್ಲ ರಿಸ್ಕ್ ಎರಡು ಏಂಜೆಲ್‌ಗೋಸ್ಕರ ಯಾಕೆ?

ಊಟದ ಈ ಲೆಕ್ಕ ಉಳಿದ ಮೀನುಗಳಿಗೂ ಅನ್ವಯಿಸುತ್ತದೆ. ಕ್ಲೌನ್ ಲೋಚ್ ಬಿಸಿ ನೀರಿಗೆ ಹೇಳಿ ಮಾಡಿಸಿದ ಮೀನು, ಆದರೆ ತಟ್ಟೆ ಖಾಲಿ ಮಾಡುವುದರಲ್ಲಿ ನಿಸ್ಸೀಮ. ಬೆಳೆದರೆ 300 ಲೀಟರ್ ಅದಕ್ಕೆ ಸಾಲುವುದೂ ಇಲ್ಲ. ಟೈಗರ್ ಬಾರ್ಬ್ ರೆಕ್ಕೆ ಕಚ್ಚುತ್ತದೆ. ಗೋಲ್ಡ್ ಫಿಶ್ ತಣ್ಣೀರಿನದು. ಸಿಗಡಿ ಮರಿಗಳು ಡಿಸ್ಕಸ್‌ಗೆ ತಿಂಡಿ.

ತಳಕ್ಕೆ ಬೇಕಾದರೆ ಸ್ಟೆರ್ಬಾಯ್ ಕೋರಿಡೊರಾಸ್ (ಕೋರಿ) ಅನ್ನುವ ಪುಟ್ಟ ಮೀಸೆ ಮೀನು. ಕೋರಿಗಳಲ್ಲಿ ಬಹಳಷ್ಟು ತಂಪು ಬಯಸುವಂಥವು, ಇದು ಮಾತ್ರ 28 ಡಿಗ್ರಿಯಲ್ಲೂ ಆರಾಮಾಗಿರುತ್ತದೆ. ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಎದೆಯ ಹತ್ತಿರದ ರೆಕ್ಕೆಯಲ್ಲಿ ಕಿತ್ತಳೆ ಬಣ್ಣ. ಆರಕ್ಕಿಂತ ಕಡಿಮೆ ಬೇಡ. ಕೆಳಗೆ ನುಣುಪು ಮರಳಿರಲಿ, ಚೂಪು ಕಲ್ಲಿದ್ದರೆ ಅದರ ಮೀಸೆ ಸವೆದುಹೋಗುತ್ತದೆ. ಒಂದು ಜೋಡಿ ಬ್ಲೂ ರ‍್ಯಾಮ್ ಕೂಡ ಬಿಡಬಹುದು. ಬೇರೆಯವರ ಟ್ಯಾಂಕ್‌ನಲ್ಲಿ ಚಳಿಗೆ ಸೊರಗುವ ರ‍್ಯಾಮ್ ಡಿಸ್ಕಸ್ ಟ್ಯಾಂಕ್‌ನಲ್ಲಿ ನಿಜವಾದ ಬಣ್ಣ ತೋರಿಸುತ್ತದೆ.

ಯಾವುದನ್ನೇ ತಂದರೂ ನಾಲ್ಕರಿಂದ ಆರು ವಾರ ಬೇರೆ ಟ್ಯಾಂಕ್‌ನಲ್ಲಿ ಇಟ್ಟು ನೋಡಿ. ಆ ಟ್ಯಾಂಕ್‌ನ ಬಲೆ, ಪೈಪು ಬೇರೆಯೇ ಇರಲಿ. ಹೊಸ ಡಿಸ್ಕಸ್ ತಂದಾಗಲೂ ಇದೇ ನಿಯಮ, ಅವೂ ಕಾಯಿಲೆ ಹೊತ್ತು ತರುತ್ತವೆ. ಇನ್ನೊಂದು ಮಾತು. ನಿಮ್ಮ ಆರು ಡಿಸ್ಕಸ್‌ಗಳು ಇನ್ನೂ ಅಂಗೈಗಿಂತ ಚಿಕ್ಕ ಮರಿಗಳಾಗಿದ್ದರೆ ಇದೆಲ್ಲ ಈಗಲೇ ಬೇಡ. ಮರಿಗಳಿಗೆ ದಿನಕ್ಕೆ ನಾಲ್ಕೈದು ಸಲ ಊಟ, ಅದಕ್ಕೆ ತಕ್ಕ ಹಾಗೆ ಪದೇ ಪದೇ ನೀರು ಬದಲಿಸುವುದು, ಇಷ್ಟಕ್ಕೆ ಬೋಳು ಟ್ಯಾಂಕೇ ವಾಸಿ. ಬೆಳೆದ ಮೇಲೆ ಸಿಂಗಾರ ಮಾಡಿ.

ಈಗ ಗಿಡಕ್ಕೆ ಬರೋಣ. ಹುಲ್ಲುಹಾಸಿನಂಥ ಗಿಡಗಳಿಗೆ ಜೋರು ಬೆಳಕು ಬೇಕು, ಬಹಳಷ್ಟಕ್ಕೆ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಕೂಡ ಬೇಕು. ಡಿಸ್ಕಸ್‌ಗೆ ಜೋರು ಬೆಳಕು ಆಗಿಬರಲ್ಲ, ಮೂಲೆ ಸೇರಿ ಕಪ್ಪಗಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕರಗುವುದು ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಕರಗಿದ್ದರೆ 30 ಡಿಗ್ರಿಯಲ್ಲಿ 7.5 ಮಾತ್ರ. ಅಂಥ ನೀರಿಗೆ ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಬಿಟ್ಟರೆ ಮೀನು ಏದುಸಿರು ಬಿಡುತ್ತದೆ. ಇದೆಲ್ಲ ಸಂಭಾಳಿಸಿದಿರಿ ಅಂದುಕೊಳ್ಳಿ, ಆದರೂ ಹಾಸು ಉಳಿಯುವುದು ಕಷ್ಟ. ಡಿಸ್ಕಸ್ ತಲೆ ಕೆಳಗೆ ಮಾಡಿ, ಬಾಯಿಂದ ಫೂ ಅಂತ ನೀರು ಊದಿ, ಮರಳು ಹಾರಿಸಿ ಅಡಿಯಲ್ಲಿರುವ ಚೂರು ಹುಡುಕುತ್ತದೆ. ನಿನ್ನೆ ನೆಟ್ಟ ಎಳೆ ಹುಲ್ಲು ಇವತ್ತು ಮೇಲೆ ತೇಲುತ್ತಿರುತ್ತದೆ. ಬೇರು ಬಿಟ್ಟು ನಿಂತರಂತೂ ಇನ್ನೂ ಕಷ್ಟ, ಹುಲ್ಲಿನ ಸಂದಿಯಲ್ಲಿ ಸಿಕ್ಕ ಬ್ಲಡ್‌ವರ್ಮ್ (ಮೀನಿಗೆ ಹಾಕುವ ಕೆಂಪು ಹುಳು) ಕೊಳೆಯುತ್ತದೆ.

ನನ್ನ ಮೊದಲ ಆಯ್ಕೆ ಅನೂಬಿಯಸ್. ನಿಧಾನಕ್ಕೆ ಬೆಳೆಯುತ್ತದೆ, ಮಂದ ಬೆಳಕು ಸಾಕು, ಬಿಸಿಗೆ ಜಗ್ಗಲ್ಲ. ಮಣ್ಣೂ ಬೇಡ, ದಾರದಲ್ಲಿ ಮರದ ತುಂಡಿಗೆ ಕಟ್ಟಿಬಿಡಿ. ಅಡ್ಡಡ್ಡ ಹರಿಯುವ ಅದರ ದಪ್ಪ ಕಾಂಡವನ್ನು ಮಾತ್ರ ಮರಳಿನಲ್ಲಿ ಹೂಳಬೇಡಿ, ಕೊಳೆತುಹೋಗುತ್ತದೆ. ಜಾವಾ ಫರ್ನ್ ಕಟ್ಟುವುದೂ ಹೀಗೇ. 28ರವರೆಗೆ ಚೆನ್ನಾಗಿರುತ್ತದೆ, 30ಕ್ಕೆ ಹೋದರೆ ಎಲೆಯಲ್ಲಿ ಕಪ್ಪು ಕಾಣಿಸಿಕೊಳ್ಳುತ್ತದೆ.

ಹಿಂಭಾಗಕ್ಕೆ ಅಮೆಜಾನ್ ಸ್ವೋರ್ಡ್. ಅಗಲ ಎಲೆ, ಗಟ್ಟಿ ಬೇರು, ಡಿಸ್ಕಸ್ ಎಷ್ಟು ಊದಿದರೂ ಅಲುಗಲ್ಲ. ಜೋಡಿಯಾದ ಡಿಸ್ಕಸ್ ನೆಟ್ಟಗೆ ನಿಂತ ಎಲೆಯನ್ನು ಬಾಯಿಂದ ಉಜ್ಜಿ ಉಜ್ಜಿ ಕ್ಲೀನ್ ಮಾಡಿ ಅದರ ಮೇಲೇ ಮೊಟ್ಟೆ ಇಡುವುದನ್ನು ನೋಡಿದರೆ ಬೇರೆ ಗಿಡ ಬೇಡವೇ ಬೇಡ ಅನ್ನಿಸುತ್ತದೆ. ಆದರೆ ಇದು ಹೊಟ್ಟೆಬಾಕ. ಬೇರಿನ ಹತ್ತಿರ ರೂಟ್ ಟ್ಯಾಬ್ (ಗೊಬ್ಬರದ ಮಾತ್ರೆ) ಹೂಳದಿದ್ದರೆ ಕೆಲವೇ ತಿಂಗಳಲ್ಲಿ ಎಲೆ ಹಳದಿಯಾಗುತ್ತದೆ. ಮುಂಭಾಗಕ್ಕೆ ಕ್ರಿಪ್ಟೊಕೋರಿನ್ ವೆಂಡ್ಟಿ ನೆಡಿ. ಹೊಸ ಜಾಗದಲ್ಲಿ ಅದರ ಎಲೆಯೆಲ್ಲ ಕರಗಿ ಲೊಳಲೊಳ ಆಗುವುದುಂಟು. ಸತ್ತಿತು ಅಂತ ಕಿತ್ತು ಎಸೆಯಬೇಡಿ, ಬೇರು ಬದುಕಿರುತ್ತದೆ, ಕೆಲವು ವಾರದಲ್ಲಿ ಮತ್ತೆ ಚಿಗುರುತ್ತದೆ. ವ್ಯಾಲಿಸ್ನೇರಿಯಾ ಬಿಸಿ ತಡೆಯುತ್ತದೆ, ಆದರೆ ತೀರ ಮೆದು ನೀರು ಅದಕ್ಕೆ ಒಗ್ಗಲ್ಲ. ಮೇಲೆ ಒಂದಿಷ್ಟು ಫ್ರಾಗ್‌ಬಿಟ್ ತೇಲಿಬಿಟ್ಟರೆ ನೆರಳು ಬೀಳುತ್ತದೆ, ಡಿಸ್ಕಸ್ ಧೈರ್ಯವಾಗಿ ಆಚೆ ಬರುತ್ತದೆ. ಪೂರ್ತಿ ಮುಚ್ಚಿಕೊಳ್ಳಲು ಬಿಡಬೇಡಿ, ಕಾಲುಭಾಗವಾದರೂ ತೆರೆದಿರಲಿ.

ತಳ ಕ್ಲೀನ್ ಮಾಡುವುದೇ ದೊಡ್ಡ ತಾಪತ್ರಯ ಅನ್ನುವವರಿಗೆ ಒಂದು ಉಪಾಯ ಇದೆ. ಸ್ವೋರ್ಡ್, ಕ್ರಿಪ್ಟ್‌ಗಳನ್ನು ಪುಟ್ಟ ಮಣ್ಣಿನ ಕುಂಡಗಳಲ್ಲಿ ನೆಟ್ಟು ಬೋಳು ಗಾಜಿನ ಮೇಲೇ ಇಡಿ. ಕುಂಡ ಸರಿಸಿ ಪೈಪ್ ಆಡಿಸಿದರೆ ಐದು ನಿಮಿಷದ ಕೆಲಸ. ಕೋರಿ ಬಿಡುವುದಾದರೆ ಒಂದು ಅಗಲ ತಟ್ಟೆಯಲ್ಲಿ ಮರಳು ಹಾಕಿಡಿ, ಅಲ್ಲೇ ಕೆದಕಿಕೊಂಡಿರುತ್ತವೆ. ಗಿಡ ಇದ್ದ ಮೇಲೆ ರಾತ್ರಿ ಏರ್ ಪಂಪ್ ಓಡಲಿ. ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವೆ. ಡಿಸ್ಕಸ್‌ಗೆ ಕಾಯಿಲೆ ಬಂದರೆ ಬೇರೆ ಟ್ಯಾಂಕ್‌ನಲ್ಲಿ ಔಷಧಿ ಕೊಡಿ, ಉಪ್ಪು ಹಾಕಿದರೆ ಗಿಡ ಸೊರಗುತ್ತದೆ.

ನಿಮ್ಮ 300 ಲೀಟರ್‌ಗೆ ನನ್ನ ಲೆಕ್ಕ ಹೀಗೆ. ಆರು ಡಿಸ್ಕಸ್‌ಗೆ ತಲಾ 40 ಲೀಟರ್ ಹಿಡಿದರೆ 240 ಹೋಯಿತು. ಉಳಿದದ್ದು 60. ಅದರಲ್ಲಿ ಹದಿನೈದು ಕಾರ್ಡಿನಲ್ ಅಥವಾ ರಮ್ಮಿನೋಸ್, ಆರು ಸ್ಟೆರ್ಬಾಯ್, ಅಲ್ಲಿಗೆ ನಿಲ್ಲಿಸಿ. ರ‍್ಯಾಮ್ ಬೇಕು ಅಂದರೆ ಕೋರಿ ಬೇಡ. ಮೊದಲು ಗಿಡ ಹಾಕಿ, ಒಂದು ತಿಂಗಳು ಬೇರು ಬಿಡಲಿ. ಆಮೇಲೆ ಟೆಟ್ರಾ, ಕೊನೆಗೆ ತಳದ ಮೀನು. ಟೆಟ್ರಾ ಬಂದ ಕೆಲವು ದಿನಕ್ಕೇ ನಿಮ್ಮ ಡಿಸ್ಕಸ್ ಮುಂಚಿಗಿಂತ ಜಾಸ್ತಿ ಹೊತ್ತು ಮುಂದಿನ ಗಾಜಿನ ಹತ್ತಿರ ಇರುವುದನ್ನು ನೋಡಬಹುದು. ಪುಟ್ಟ ಮೀನುಗಳು ಬಯಲಲ್ಲಿ ನಿರಾತಂಕವಾಗಿ ಓಡಾಡುತ್ತಿವೆ ಅಂದರೆ ಹತ್ತಿರದಲ್ಲಿ ಬೇಟೆಗಾರ ಇಲ್ಲ ಅಂತ ದೊಡ್ಡವು ಅರ್ಥ ಮಾಡಿಕೊಳ್ಳುತ್ತವೆ.

ನಿಯಾನ್‌ಗಳನ್ನು ಈಗಾಗಲೇ ತಂದುಬಿಟ್ಟಿದ್ದರೆ ವಾಪಸ್ ಕೊಡಲೇಬೇಕು ಅಂತೇನಿಲ್ಲ. 60 ಲೀಟರ್‌ನ ಇನ್ನೊಂದು ಟ್ಯಾಂಕ್ ಇಟ್ಟು, ನೀರನ್ನು 23, 24 ಡಿಗ್ರಿಯಲ್ಲಿಡಿ. ನಿಮ್ಮ ಹುಲ್ಲುಹಾಸಿಗೂ ಅದೇ ಸರಿಯಾದ ಜಾಗ.